ದೇಹಶಂಕೆ

ಸಾಲದ ದುಃಖ, ಮಳೆಯಿಲ್ಲದ ದುಃಖ, ಮಕ್ಕಳ ಮದುವೆಯ ಚಿಂತೆ ಇವುಗಳನ್ನು ಹೊತ್ತು ಮಠಕ್ಕೆ ಬರುವವರನ್ನು ನಾವು ಮೊದಲಿನಿಂದಲೂ ಕಂಡಿದ್ದೇವೆ. ಈಚೆಗೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಚೀಲದೊಳಗೆ ರಕ್ತಪರೀಕ್ಷೆಯ ಚೀಟಿಗಳು, ಇ.ಸಿ.ಜಿ. ಪಟ್ಟಿ, ಸ್ಕ್ಯಾನಿಂಗಿನ ಕರಿ ಹಾಳೆ. ಜಮಖಂಡಿಯಲ್ಲಿ ತೋರಿಸಿದ್ದು, ಬಾಗಲಕೋಟೆಯಲ್ಲಿ ತೋರಿಸಿದ್ದು, ಮಿರಜಕ್ಕೆ ಹೋಗಿ ತೋರಿಸಿದ್ದು ಎಲ್ಲವೂ ಅದರಲ್ಲಿರುತ್ತದೆ. “ಅಪ್ಪಾರ, ಎದಿ ಢವಢವ ಅಂತೈತ್ರಿ, ಕೈ ಜುಮುಜುಮು ಅಂತಾವ, ಗಂಟಲದಾಗ ಏನೋ ಸಿಕ್ಕೊಂಡಂಗ ಆಗತೈತಿ. ಡಾಕ್ಟರು ನೋಡಿದ್ರ ಏನೂ ಇಲ್ಲ ಅಂತಾರ” ಎಂದು ಹೇಳಿ ನಮ್ಮ ಮುಖವನ್ನೇ ನೋಡುತ್ತಾರೆ.

ಏನೂ ಇಲ್ಲ ಎಂಬ ಮಾತು ಸಮಾಧಾನ ಕೊಡಬೇಕಾಗಿತ್ತು. ಆದರೆ ಕೊಡುವುದಿಲ್ಲ. ವೈದ್ಯನ ಬಾಯಲ್ಲಿ ಆ ಮಾತಿನ ಅರ್ಥ ‘ನಾನು ಹುಡುಕಿದ ರೋಗ ಸಿಗಲಿಲ್ಲ’ ಎಂದಷ್ಟೇ. ರೋಗಿಯ ಕಿವಿಗೆ ಅದು ‘ನೀನು ಹೇಳುವುದು ಸುಳ್ಳು’ ಎಂದು ಬೀಳುತ್ತದೆ. ಮನೆಯವರೂ ಹಾಗೆಯೇ ತಿಳಿದುಬಿಡುತ್ತಾರೆ. ಸೊಸೆಯಾದರೆ ‘ಕೆಲಸಗಳ್ಳಿ, ನಾಟಕ’ ಎನ್ನುತ್ತಾರೆ; ಗಂಡಸಾದರೆ ‘ಇವನಿಗೆ ಯಾರೋ ಮಾಡಿಸಿದ್ದಾರೆ’ ಎಂದು ಅಂತ್ರ ಕಟ್ಟಿಸಲು ಓಡಾಡುತ್ತಾರೆ. ಎರಡೂ ತಪ್ಪು. ನೋವು ನೋವೇ. ರಿಪೋರ್ಟಿನಲ್ಲಿ ಕಾಣದಿದ್ದ ಮಾತ್ರಕ್ಕೆ ಅದು ಹುಸಿಯಾಗುವುದಿಲ್ಲ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಒಂದು ಸಣ್ಣ ಕವಲುಕಡ್ಡಿಯ ಏರ್ಪಾಡು ಇರುತ್ತದೆಯಷ್ಟೆ. ಆ ಕಡ್ಡಿಯ ಜೋಡಣೆ ತಪ್ಪಿದರೆ ಎಳೆ ನೆಟ್ಟಗಿದ್ದರೂ ಮಗ್ಗ ನಿಂತು ನಿಂತು ಹೋಗುತ್ತದೆ. ಮಗ್ಗ ನಿಂತದ್ದು ಸುಳ್ಳೇ? ಅಲ್ಲ. ಎಳೆ ಹರಿದದ್ದು ಮಾತ್ರ ಸುಳ್ಳು. ಆಗ ಬಲ್ಲ ನೇಕಾರ ಬಟ್ಟೆಯನ್ನು ಕತ್ತರಿಸಿ ಹರಿದ ಎಳೆಯನ್ನು ಹುಡುಕುತ್ತ ಕೂಡುವುದಿಲ್ಲ, ಕಡ್ಡಿಯನ್ನು ಸರಿಮಾಡುತ್ತಾನೆ. ಶರೀರದಲ್ಲಿಯೂ ಅಪಾಯವನ್ನು ಸಾರುವ ಇಂಥದೊಂದು ಏರ್ಪಾಡಿದೆ. ಭಯ, ನಿದ್ರೆಗೇಡು, ಬಹುಕಾಲದ ಚಿಂತೆಗಳಿಂದ ಅದು ಅತಿಸೂಕ್ಷ್ಮವಾದರೆ ಅಪಾಯವಿಲ್ಲದಿದ್ದರೂ ಸಾರತೊಡಗುತ್ತದೆ.

ಅದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಹೆದರಿದಾಗ ಮೂತ್ರಪಿಂಡಗಳ ಮೇಲೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ, ಕುತ್ತಿಗೆ ಮತ್ತು ಎದೆಯ ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡವನಿಗೆ ಓಡಲು ಇದು ಬೇಕು. ಕುಳಿತಲ್ಲಿಯೇ ಹೆದರಿದವನಿಗೆ ಓಡಲು ದಾರಿಯಿಲ್ಲ, ಆದ್ದರಿಂದ ಅದೆಲ್ಲ ಒಳಗೇ ತಿರುಗುತ್ತದೆ. ಉಸಿರು ಬೇಗ ಬೇಗ ಆಡುತ್ತದೆ. ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡು ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ, ತಲೆ ತೇಲಿದಂತಾಗುತ್ತದೆ. ಜುಮುಜುಮು ಎಂದೊಡನೆ ‘ಲಕ್ವಾ ಹೊಡೆಯಿತು’ ಎಂದು ಇನ್ನಷ್ಟು ಹೆದರುತ್ತಾನೆ. ಹೆದರಿದೊಡನೆ ಉಸಿರು ಇನ್ನಷ್ಟು ಬೇಗವಾಗುತ್ತದೆ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲಿಯೇ ಸುತ್ತು. ಗಂಟಲ ಉಂಡೆಯೂ ಬಹುಪಾಲು ಸ್ನಾಯುಗಳ ಬಿಗಿತವೇ. ಅದಿದೆಯೋ ಇಲ್ಲವೋ ಎಂದು ನೋಡಲು ಮತ್ತೆ ಮತ್ತೆ ಎಂಜಲು ನುಂಗುತ್ತಿದ್ದರೆ ಅದು ಹೋಗುವುದಾದರೂ ಹೇಗೆ?

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರದ ಆರು ಬಗೆಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಭಯದಿಂದ ಹುಟ್ಟುವುದು ಮತ್ತು ಶೋಕದಿಂದ ಹುಟ್ಟುವುದು. ಹೊಟ್ಟೆ ಕೆಟ್ಟದ್ದು ನಿಜ, ಕೆಡಿಸಿದ್ದು ಮನಸ್ಸು. ಅದೇ ಗ್ರಂಥದ ಸೂತ್ರಸ್ಥಾನವು ರೋಗವನ್ನು ಬೆಳೆಸುವ ಕಾರಣಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನ ಕೊಟ್ಟಿದೆ. ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿ, ಮನಸ್ಸನ್ನು ಅಹಿತವಾದುದರಿಂದ ಹಿಂದೆಗೆಯುವುದಕ್ಕೆ ಸತ್ತ್ವಾವಜಯ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಒಬ್ಬನಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಇನ್ನು ಪಾಶ್ಚಾತ್ಯರು ದೇಹಶಂಕೆಗೆ ಹೈಪೊಕಾಂಡ್ರಿಯಾ ಎಂದು ಬಹುಕಾಲ ಕರೆದರು. ಗ್ರೀಕ್ ಭಾಷೆಯಲ್ಲಿ ಆ ಮಾತಿನ ಮೂಲಾರ್ಥ ಪಕ್ಕೆಲುಬಿನ ಕೆಳಗಿನ ಜಾಗ ಎಂದು. ನಮ್ಮವರು ಅದೇ ಜಾಗವನ್ನು ಒತ್ತಿ ಹಿಡಿದು ‘ಇಲ್ಲಿ ಗ್ಯಾಸ್ ಕುಂತೈತ್ರಿ’ ಎನ್ನುತ್ತಾರೆ! ದೇಶ ಬೇರೆಯಾದರೂ ಮನುಷ್ಯನ ಕೈ ಹೋಗುವ ಜಾಗ ಒಂದೇ.

ಭಯವು ಒಬ್ಬನಿಂದ ಒಬ್ಬನಿಗೆ ಹರಡುವುದನ್ನೂ ನಾವೆಲ್ಲ ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ನಾಡೇ ಅತ್ತಿತು. ಅದಾದ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಎದೆ ಪರೀಕ್ಷೆಗಾಗಿ ಬರುವ ಯುವಕರ ಸಾಲು ಬೆಳೆಯಿತು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ನೆರೆದರು. ಸರಕಾರ ತಜ್ಞರ ಸಮಿತಿಯಿಂದ ವಿಚಾರಣೆ ಮಾಡಿಸಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ, ಹಿಂದಿನ ಕಾಲಕ್ಕೆ ಹೋಲಿಸಿದರೆ ಅಸಹಜ ಏರಿಕೆಯೂ ಕಾಣಲಿಲ್ಲವೆಂದು ಆ ವರ್ಷದ ಜುಲೈ ತಿಂಗಳಲ್ಲಿ ವರದಿ ಬಂದಿತು. ಸತ್ತವರ ಮನೆಯ ದುಃಖ ಇದರಿಂದ ಕಡಿಮೆಯಾಗುವುದಿಲ್ಲ, ನಿಜ. ಆದರೆ ಅಷ್ಟು ದೂರದ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ಇಲ್ಲಿ ಮುಧೋಳದಲ್ಲಿ ರಾತ್ರಿ ಎದ್ದು ಕುಳಿತವರು ಎಷ್ಟು ಜನ! ಆ ವರದಿಯನ್ನು ಓದಿದವರು ಮಾತ್ರ ನಮಗೆ ಹೆಚ್ಚು ಸಿಗಲಿಲ್ಲ.

ನಮ್ಮ ಸೀಮೆಯಲ್ಲಿ ಭಯಕ್ಕೆ ಬೇರೆ ಕಾರಣಗಳೂ ಇವೆ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಬಂದವರಿದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದಾಗ ದನಕರು ಕಟ್ಟಿಕೊಂಡು ದಿಬ್ಬ ಹತ್ತಿದವರಿದ್ದಾರೆ. ಅಂಥವರ ಎದೆ ಮೋಡ ಕಂಡರೆ ಬಡಿದುಕೊಳ್ಳುತ್ತದೆ. ಅವರಿಗೆ ‘ನಿನ್ನ ಎದೆಯಲ್ಲಿ ದೋಷವಿಲ್ಲ’ ಎಂದರೆ ಸಾಲದು, ‘ನಿನ್ನ ಎದೆ ಆ ರಾತ್ರಿಯನ್ನು ಮರೆತಿಲ್ಲ’ ಎಂದು ಹೇಳಿದರೆ ಅವರಿಗೆ ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಕೆಂದು ನಾವು ಹೇಳುವವರಲ್ಲ. ಹಾಗೆ ಹೇಳುವುದು ಪಾಪ. ಮೊದಲು ಒಬ್ಬ ಒಳ್ಳೆಯ ವೈದ್ಯನಿಗೆ ಸರಿಯಾಗಿ ತೋರಿಸಲೇಬೇಕು. ಸಸ್ಯಾಹಾರದ ನಮ್ಮ ಮನೆಗಳಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ಅಂಗಾಲು ಉರಿ, ಜೋಮು, ಮರೆವು ಬರುವುದುಂಟು, ಅದಕ್ಕೆ ಮದ್ದಿದೆ. ತಾಯಂದಿರಲ್ಲಿ ರಕ್ತ ಕಡಿಮೆಯಾದರೂ ಎದೆ ಬಡಿಯುತ್ತದೆ, ಏದುಸಿರು ಬರುತ್ತದೆ. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಕೈ ನಡುಗುತ್ತದೆ. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ರಜೆ ಕಳೆದು ಕೆಲಸಕ್ಕೆ ಬಂದ ದಿನ ಎದೆ ಬಿಗಿಯುವುದು ವೈದ್ಯರು ಬಹುಕಾಲದಿಂದ ಬಲ್ಲ ರೋಗ. ಹೊಲದಲ್ಲಿ ಕೀಟನಾಶಕ ಹೊಡೆದ ದಿನ ವಾಂತಿ, ಬೆವರು, ಬಾಯಲ್ಲಿ ನೀರು, ಕಣ್ಣು ಮಂಜಾದರೆ ಅದು ಶಂಕೆಯಲ್ಲ, ವಿಷ. ಒಡನೆ ಆಸ್ಪತ್ರೆಗೆ ಹೋಗಬೇಕು. ಎದೆಯ ಮೇಲೆ ಕಲ್ಲಿಟ್ಟಂತೆ ಭಾರವಾಗಿ, ಬೆವರಿಳಿದು, ನೋವು ತೋಳಿಗೆ ಅಥವಾ ದವಡೆಗೆ ಹಬ್ಬಿ ಕೆಲ ನಿಮಿಷಗಳಲ್ಲಿ ಇಳಿಯದಿದ್ದರೆ 108ಕ್ಕೆ ಫೋನು ಮಾಡಿರಿ; ವಿಭೂತಿ ತರಲು ಮಠಕ್ಕೆ ಬರಬೇಡಿರಿ. ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ ಅದೂ ಹಾಗೆಯೇ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಎರಡು ವಾರ ದಾಟಿದ ಕೆಮ್ಮು, ಹೊಸದಾಗಿ ಎದ್ದ ಗಂಟು ಇವುಗಳನ್ನು ಮುಚ್ಚಿಡಬಾರದು. 2023ರಲ್ಲಿ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿಯೇ ಆರಂಭವಾದ ಹೃದಯ ಜ್ಯೋತಿ ಯೋಜನೆಯು ತಾಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುವ ಏರ್ಪಾಡು.

ಹಾಗೆ ಸರಿಯಾಗಿ ತೋರಿಸಿದ ಮೇಲೆ, ವೈದ್ಯನು ವಿಚಾರಮಾಡಿ ದೋಷವಿಲ್ಲವೆಂದ ಮೇಲೆ, ಅದೇ ದೂರಿಗೆ ಮತ್ತೊಂದು ಊರು, ಮತ್ತೊಂದು ಯಂತ್ರ ಹುಡುಕುವುದಿದೆಯಲ್ಲ, ಅಲ್ಲಿಂದ ಶಂಕೆಯ ಆಟ ಆರಂಭವಾಗುತ್ತದೆ. ಒಂದು ಲೆಕ್ಕ ಕೇಳಿರಿ. ರಕ್ತಪರೀಕ್ಷೆಯ ಚೀಟಿಯಲ್ಲಿ ಇಂತಿಷ್ಟರಿಂದ ಇಂತಿಷ್ಟು ಸರಿ ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಆ ಅಳತೆಯನ್ನು ಆರೋಗ್ಯವಂತರಲ್ಲಿ 100ಕ್ಕೆ 95 ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಎಂದರೆ ಗಟ್ಟಿಮುಟ್ಟಾದವನಿಗೂ 20 ಪರೀಕ್ಷೆ ಮಾಡಿಸಿದರೆ ಒಂದರ ಅಂಕಿ ಗೆರೆ ದಾಟುವುದು ಸಹಜ. ಬೆನ್ನಿನ ಸ್ಕ್ಯಾನಿಂಗೂ ಅಷ್ಟೆ. ಬೆನ್ನುನೋವೇ ಇಲ್ಲದ 50ರ ವಯಸ್ಸಿನವರನ್ನು ಪರೀಕ್ಷಿಸಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬೆನ್ನೆಲುಬಿನ ನಡುವಣ ಬಿಲ್ಲೆ ಉಬ್ಬಿರುವುದು ಕಾಣುತ್ತದೆ. ಆ ದಪ್ಪಕ್ಷರದ ಅಂಕಿ, ಆ ಉಬ್ಬಿದ ಬಿಲ್ಲೆ ಹೊಸ ಭಯವಾಗುತ್ತದೆ. ಹೊಸ ಭಯಕ್ಕೆ ಹೊಸ ಪರೀಕ್ಷೆ. ನೇಕಾರನ ಮನೆಯಲ್ಲಿ ಇದಕ್ಕೆ ಹಣ ಎಲ್ಲಿಂದ ಬರಬೇಕು? ವಾರದ ಕಂತಿನ ಸಾಲ ಮಾಡುತ್ತಾರೆ, ಮಗಳ ಕಿವಿಯೋಲೆ ಒತ್ತೆಯಿಡುತ್ತಾರೆ. ಇಲ್ಲದ ರೋಗವು ಇರುವ ಮನೆಯನ್ನು ತಿನ್ನುತ್ತದೆ.

ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರು ಮನೆಮನೆಗೆ ಬಂದಿತು. ಆಗ ಅದು ಬೇಕಾಗಿತ್ತು. ಈಗಲೂ ದಿನಕ್ಕೆ ಇಪ್ಪತ್ತು ಸಲ ಬೆರಳು ತೂರಿಸಿ ನೋಡುವವರನ್ನು ಬಲ್ಲೆವು. ಇಷ್ಟಲಿಂಗ ಹಿಡಿಯಬೇಕಾದ ಎಡಗೈಯ ನಾಡಿಯನ್ನು ಬಲಗೈ ಹಿಡಿದು ಎಣಿಸುತ್ತಿರುವುದನ್ನೂ ಕಂಡಿದ್ದೇವೆ! ನೋಡಿದಾಗ ಗಳಿಗೆ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅನುಮಾನ. ತುರಿಸಿದಷ್ಟೂ ತುರಿಕೆ ಏರುವ ಹಾಗೆ, ನೋಡಿದಷ್ಟೂ ನೋಡಬೇಕೆನಿಸುತ್ತದೆ. ಆದ್ದರಿಂದ ನೋಡುವುದನ್ನು ಒಂದೇ ದಿನ ಬಿಡಲಾಗದಿದ್ದರೆ ಮುಂದೂಡಿರಿ. ಈಗ ನೋಡಬೇಕೆನಿಸಿದರೆ ಅರ್ಧ ತಾಸು ಬಿಟ್ಟು ನೋಡುತ್ತೇನೆ ಎನ್ನಿರಿ. ಅರ್ಧ ತಾಸಿನಲ್ಲಿ ಆ ಎಳೆತ ತಾನೇ ಇಳಿಯುವುದು ಅನುಭವಕ್ಕೆ ಬರುತ್ತದೆ. ಉಸಿರನ್ನು ಮೂಗಿನಿಂದ ಮೆಲ್ಲಗೆ ಎಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಬಿಡುವ ಅಭ್ಯಾಸ ಮಾಡಿರಿ. ನಿಧಾನವಾದ ಜಪದಲ್ಲಿ ಇದು ತಾನಾಗಿಯೇ ಆಗುತ್ತದೆ. ಎದೆ ಬಡಿಯುತ್ತದೆಂದು ನಡೆಯುವುದನ್ನು, ದುಡಿಯುವುದನ್ನು ಬಿಟ್ಟು ಮಲಗಬೇಡಿರಿ. ಮಲಗಿದ ಮೈ ಸೊರಗಿ, ನಾಲ್ಕು ಹೆಜ್ಜೆಗೇ ಎದೆ ಬಡಿಯತೊಡಗುತ್ತದೆ. ಅದೇ ಹೊಸ ಸಾಕ್ಷಿಯಾಗಿ ನಿಲ್ಲುತ್ತದೆ. ವೈದ್ಯರನ್ನು ಬದಲಿಸುತ್ತ ಹೋಗದೆ ಒಬ್ಬರನ್ನೇ ಹಿಡಿದು, ನೋವು ಇದ್ದರೂ ಇಲ್ಲದಿದ್ದರೂ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೋಗುವುದು ಲೇಸು.

ಇಷ್ಟರಿಂದಲೂ ಇಳಿಯದಿದ್ದರೆ ಮನೋವೈದ್ಯರಲ್ಲಿಗೆ ಹೋಗಲು ನಾಚಬಾರದು. ಅಲ್ಲಿಗೆ ಹೋದವರೆಲ್ಲ ಹುಚ್ಚರೆಂದು ತಿಳಿಯುವುದು ಅಜ್ಞಾನ. ವಿಚಾರದ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಬೇಕಾದವರಿಗೆ ಗುಳಿಗೆಗಳೂ ಇವೆ. ಫಲ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನ ನುಂಗಿ ಬಿಡಬಾರದು. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ. ಅಷ್ಟೂ ಆಗದವರು 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಈ ಸೇವೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮನೆ ಮಂದಿಗೆ ಒಂದು ಮಾತು. ಅವನು ‘ನನಗೇನೂ ಆಗಾಂಗಿಲ್ಲಲಾ?’ ಎಂದು ಕೇಳಿದರೆ ಒಮ್ಮೆ ಪ್ರೀತಿಯಿಂದ ಉತ್ತರ ಕೊಡಿರಿ. ಅದೇ ದಿನ ನಾಲ್ಕನೆಯ ಸಲ ಕೇಳಿದಾಗ ಬೈಯಬೇಡಿರಿ, ಆಣೆ ಮಾಡಿ ಹೇಳಲೂ ಹೋಗಬೇಡಿರಿ. ಪ್ರತಿಯೊಂದು ಆಣೆಯೂ ಮತ್ತೊಂದು ಆಣೆಯನ್ನು ಕೇಳುತ್ತದೆ. ‘ಹೆದರಿಕಿ ಬಂದೈತಿ ಅಂತ ತಿಳೀತು, ಏಳ್ರಿ, ರೊಟ್ಟಿ ಆರಾಕತ್ತಾವ’ ಎಂದು ಕೈ ಹಿಡಿದು ಎಬ್ಬಿಸಿ ಊಟಕ್ಕೆ ಕರೆದೊಯ್ಯಿರಿ.