ವಿಶ್ವವಿದ್ಯಾನಿಲಯದ ಆಪ್ತಸಮಾಲೋಚಕರು: ಕಾರ್ಯ ಮತ್ತು ಹಿನ್ನೆಲೆ

ವಿದ್ಯಾರ್ಥಿಯ ಬುದ್ಧಿಯನ್ನು ತಿದ್ದುವುದು ಕಾಲೇಜಿನ ಕೆಲಸ, ಮನಸ್ಸಿನ ಅಳಲನ್ನು ನೋಡಿಕೊಳ್ಳುವುದು ಮನೆಯವರ ಕೆಲಸ ಎಂಬ ವಿಭಾಗ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಅಳಲಿನಿಂದ ಕುಗ್ಗಿದ ಮನಸ್ಸು ಪಾಠವನ್ನು ಗ್ರಹಿಸಲಾರದು. ಆದುದರಿಂದಲೇ ವಿಶ್ವವಿದ್ಯಾನಿಲಯಗಳಲ್ಲಿ ಆಪ್ತಸಮಾಲೋಚನಾ ಕೇಂದ್ರಗಳು ಅಗತ್ಯವಾದುವು. ಅಲ್ಲಿನ ಮನಶ್ಶಾಸ್ತ್ರಜ್ಞರ ಕಾರ್ಯವನ್ನೂ ಅದರ ಹಿನ್ನೆಲೆಯನ್ನೂ ಸಂಕ್ಷೇಪವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವೃತ್ತಿಗೆ ಎರಡು ಮೂಲಗಳುಂಟು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ವಿಲಿಯಮ್‌ಸನ್ನರು ೧೯೩೦ರ ದಶಕದಲ್ಲಿ ಪರೀಕ್ಷೆಗಳ ಮೂಲಕ ವಿದ್ಯಾರ್ಥಿಯ ಸಾಮರ್ಥ್ಯವನ್ನು ಅಳೆದು ಸಲಹೆ ನೀಡುವ ಮಾರ್ಗವನ್ನು ಬೆಳೆಸಿದರು. ಕಾರ್ಲ್ ರೋಜರ್ಸರು ೧೯೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ಮಾರ್ಗವನ್ನು ತೋರಿದರು. ಸಲಹೆಗಿಂತ ಆಲಿಸುವಿಕೆಯೇ ಮುಖ್ಯ, ಗೌರವದಿಂದ ಕೇಳುವವರು ದೊರೆತರೆ ವ್ಯಕ್ತಿ ತನ್ನ ದಾರಿಯನ್ನು ತಾನೇ ಕಾಣಬಲ್ಲನು ಎಂಬುದು ಅವರ ನಿಲುವು. ೧೯೪೫ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸಮಾಲೋಚನಾ ಕೇಂದ್ರವನ್ನು ಸ್ಥಾಪಿಸಿದರು. ಇಂದಿನ ಸಮಾಲೋಚಕರು ಈ ಎರಡು ಮಾರ್ಗಗಳನ್ನೂ ಸಂದರ್ಭಾನುಸಾರ ಬಳಸುತ್ತಾರೆ.

ಕನ್ನಡ ನಾಡಿಗೂ ಈ ಶಾಸ್ತ್ರ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ೧೯೨೪ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು.

ಸಮಾಲೋಚಕರು ವೈದ್ಯರಲ್ಲ, ಔಷಧವನ್ನು ಬರೆದುಕೊಡುವುದಿಲ್ಲ. ಮೊದಲ ಭೇಟಿಯಲ್ಲಿ ಅವರು ವಿದ್ಯಾರ್ಥಿಯ ತೊಂದರೆ ಎಂದಿನಿಂದ ಇದೆ, ನಿದ್ರೆ ಆಹಾರಗಳು ಹೇಗಿವೆ, ಬದುಕು ಬೇಡವೆನಿಸಿದೆಯೇ ಎಂಬುದನ್ನು ನೇರವಾಗಿಯೂ ಮೃದುವಾಗಿಯೂ ಕೇಳಿ ತಿಳಿಯುತ್ತಾರೆ. ಸಾವಿನ ವಿಚಾರವನ್ನು ಕೇಳಿದರೆ ಅದನ್ನೇ ಸೂಚಿಸಿದಂತಾಗುವುದೆಂಬ ಭಯ ನಿರಾಧಾರವಾದುದು. ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದೆ. ಪ್ರಾಣಾಪಾಯದಂಥ ಸಂದರ್ಭಗಳಲ್ಲಿ ಈ ನಿಯಮಕ್ಕೆ ಮಿತಿಯುಂಟು, ಆ ಮಿತಿಯನ್ನು ಮೊದಲೇ ತಿಳಿಸಲಾಗುತ್ತದೆ. ತೀವ್ರವಾದ ವ್ಯಾಧಿಯ ಲಕ್ಷಣ ಕಂಡರೆ ಮನೋವೈದ್ಯರಲ್ಲಿಗೆ ಕಳುಹಿಸುವುದೂ ಅವರ ಕರ್ತವ್ಯವೇ.

ಈ ಕಾರ್ಯ ಸ್ಥಳೀಯ ಜೀವನವನ್ನು ಅರಿಯದೆ ಸಾಗದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯನ್ನೇ ನೋಡಬಹುದು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮ ವಂತಿಗೆ ಮತ್ತು ಶ್ರಮದಾನಗಳಿಂದ ೧೯೮೯ರಲ್ಲಿ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜು ಕಟ್ಟಿದ ಊರಿದು. ಸ್ವಾವಲಂಬನೆ ಇಲ್ಲಿ ಹೆಮ್ಮೆಯ ಗುಣ. ಆದರೆ ಇಂಥ ಹೆಮ್ಮೆಯ ನಡುವೆ ಬೆಳೆದ ಹುಡುಗನಿಗೆ ‘ನನಗೆ ಸಹಾಯ ಬೇಕು’ ಎನ್ನುವುದು ಸೋಲೆಂದು ತೋರಬಹುದು. ಕಬ್ಬಿನ ಬಾಕಿ, ಸಾಲ, ೨೦೧೯ರಲ್ಲಿ ಬಂದಂಥ ನೆರೆ, ಓದಿನ ನಡುವೆಯೇ ಮದುವೆಯ ಒತ್ತಾಯ—ಇವು ನದಿತೀರದ ಮಕ್ಕಳೊಡನೆ ತರಗತಿಗೂ ಬರಬಹುದಾದ ಚಿಂತೆಗಳು. ಖಿನ್ನತೆ ಎಂಬ ಪದವನ್ನು ಅವರು ಬಳಸದಿರಬಹುದು. ‘ತಲಿ ಭಾರ ಆಗೇತಿ’, ‘ಊಟ ಸೇರವಲ್ದು’ ಎಂದಾರು. ದೇಹದ ದೂರಿನಲ್ಲಿ ಅಡಗಿದ ಮನಸ್ಸಿನ ನೋವನ್ನು ಗುರುತಿಸುವುದೇ ಇಲ್ಲಿ ಸಮಾಲೋಚಕರ ಮೊದಲ ಪಾಂಡಿತ್ಯ. ಊರಿನವರು ಕೂಡಿ ದುಡಿದುದರಿಂದಲೇ ಬ್ಯಾರೇಜು ನಿಂತಿತು. ನೆರವನ್ನು ಪಡೆಯುವುದು ಸ್ವಾವಲಂಬನೆಗೆ ವಿರೋಧವಲ್ಲವೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಕಾನೂನೂ ಈಗ ಈ ದಿಕ್ಕಿಗೆ ತಿರುಗಿದೆ. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸುತ್ತದೆ. ಆ ಭಾವನೆ ಸುಳ್ಳೆಂದು ಸಿದ್ಧವಾಗದ ಹೊರತು ಅವರನ್ನು ದಂಡಿಸಲಾಗದು. ೧೦೦ ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜುಲೈ ತಿಂಗಳಲ್ಲಿ ನಿರ್ದೇಶಿಸಿತು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಬಂಧವಿರಿಸಿಕೊಳ್ಳಬೇಕು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯನ್ನು ೧೪೪೧೬ ಸಂಖ್ಯೆಗೆ ಕರೆಮಾಡಿ ಪಡೆಯಬಹುದು.

ಆದರೆ ನೇಮಕದಿಂದಲೇ ಎಲ್ಲವೂ ಆಗದು. ಚುರುಕಾಗಿದ್ದ ವಿದ್ಯಾರ್ಥಿ ಹಿಂದಿನ ಬೆಂಚಿಗೆ ಸರಿದುದನ್ನೂ ಹಾಜರಿಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಖಾಲಿ ಹೆಚ್ಚಿದುದನ್ನೂ ಮೊದಲು ಕಾಣುವವರು ಅಧ್ಯಾಪಕರು. ಅವರು ಗದರಿಸದೆ, ಬೇರೆಯವರೆದುರು ಕೇಳದೆ, ಒಮ್ಮೆ ಪ್ರತ್ಯೇಕವಾಗಿ ವಿಚಾರಿಸಿ ಕೇಂದ್ರದ ಬಾಗಿಲಿನವರೆಗೆ ಜೊತೆಗೆ ನಡೆದರೆ, ಸಮಾಲೋಚಕರ ಕಾರ್ಯದ ಅರ್ಧಭಾಗ ಅಲ್ಲಿಯೇ ನೆರವೇರಿದಂತೆ.