ಡ್ರಮ್ಮು ತಿರುಗುತ್ತದೆ, ಬಟ್ಟೆ ಒಣಗುವುದಿಲ್ಲ

ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ವಿದ್ಯುತ್ ಡ್ರೈಯರ್ ಕೈಕೊಡುವ ಒಂದು ಬಗೆ ಹೀಗಿದೆ: ಡ್ರಮ್ಮು ತಿರುಗುತ್ತಿರುತ್ತದೆ, ಒಳಗಿನ ದೀಪ ಉರಿಯುತ್ತಿರುತ್ತದೆ, ಒಂದು ಗಂಟೆ ಓಡಿಸಿದರೂ ಬಟ್ಟೆ ಮಾತ್ರ ಹಸಿಹಸಿ. ಇಷ್ಟು ಕಂಡ ಕೂಡಲೇ ಹೀಟರ್ ಸುಟ್ಟಿತೆಂದು ಹೊಸ ಕಾಯಿಲ್ ತರಿಸಲು ಹೊರಡುವವರಿದ್ದಾರೆ. ನೈಕ್ರೋಮ್ ತಂತಿ ತುಂಡಾಗುವುದು ಉಂಟು, ಒಪ್ಪೋಣ. ಆದರೂ ಬಿಸಿ ನಿಂತಿತೆಂದರೆ ಎಷ್ಟೋ ಸಲ ಯಂತ್ರ ತನ್ನನ್ನು ತಾನು ಕಾಪಾಡಿಕೊಂಡಿದೆ ಎಂದೇ ಅರ್ಥ. ಆದ್ದರಿಂದ ಕರೆಂಟು ಒಳಬರುವ ದಾರಿ, ಗಾಳಿ ಹೊರಹೋಗುವ ದಾರಿ ಎರಡನ್ನೂ ನೋಡಿದ ಮೇಲಷ್ಟೇ ಹೀಟರಿನ ಮೇಲೆ ಅನುಮಾನಪಡುವುದು ನ್ಯಾಯ.

ಡ್ರಮ್ಮು ತಿರುಗುತ್ತಿರುವಾಗ ಕರೆಂಟಿನ ತಪ್ಪು ಹೇಗಾದೀತು ಎಂದು ಯಾರಾದರೂ ಕೇಳಬಹುದು. ಅಲ್ಲಿನ ಮನೆಗಳಿಗೆ ತಲಾ 120 ವೋಲ್ಟಿನ ಎರಡು ಲೈನು ಬರುತ್ತವೆ. ಸಾಮಾನ್ಯವಾಗಿ ಡ್ರೈಯರಿನ ಮೋಟರು, ದೀಪ ನಡೆಯುವುದು ಒಂದು ಲೈನು ಮತ್ತು ನ್ಯೂಟ್ರಲ್ ಸೇರಿ. ಹೀಟರಿಗೆ ಎರಡೂ ಲೈನು ಸೇರಿದ 240 ವೋಲ್ಟ್ ಬೇಕು. ಮೋಟರಿಗೆ ಸಂಬಂಧಿಸದ ಲೈನು ಕಡಿದರೆ ಮೋಟರಿಗೆ ಗೊತ್ತೇ ಆಗುವುದಿಲ್ಲ, ಹೀಟರು ಪೂರ್ತಿ ತಣ್ಣಗೆ. ಎರಡು ಲೈನಿಗೂ ಬೇರೆ ಬೇರೆ ಫ್ಯೂಸಿರುವ ಹಳೆಯ ಮನೆಗಳಲ್ಲಿ ಒಂದು ಹೋದರೆ ಸಾಕು. ಜೋಡಿ ಬ್ರೇಕರಿನಲ್ಲೂ ಒಂದು ಬದಿ ಸರಿಯಾಗಿ ಕೂಡದಿರಬಹುದು. ಹಿಡಿಯನ್ನು ಪೂರ್ತಿ ಆಫ್‌ಗೆ ಒತ್ತಿ ಮತ್ತೆ ಆನ್ ಮಾಡಿ ನೋಡುವುದಕ್ಕೆ ಖರ್ಚೇನಿಲ್ಲ. ನಮ್ಮ ಊರಿನ ಮನೆಗಳ 230 ವೋಲ್ಟಿನ ಸಾಕೆಟ್ಟಿಗೆ ಬರುವುದು ಒಂದೇ ಫೇಸು, ಅಲ್ಲಿ ಈ ಅರ್ಧಂಬರ್ಧ ಕರೆಂಟಿನ ತಾಪತ್ರಯವಿಲ್ಲ. ಅಮೆರಿಕಕ್ಕೆ ಹೋದ ನಮ್ಮವರಿಗೆ ಇದು ಚಟ್ಟನೆ ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಕರೆಂಟು ಸರಿಯಿದ್ದರೆ ಗಾಳಿಯನ್ನು ವಿಚಾರಿಸಬೇಕು. ಸುಮಾರು 5,000 ವಾಟಿನ ಹೀಟರು ಕೊಡುವ ಶಾಖವನ್ನೆಲ್ಲ ಹೊತ್ತೊಯ್ಯುವುದು ಫ್ಯಾನು ಎಳೆಯುವ ಗಾಳಿ. ಅದು ಬಟ್ಟೆಯ ನೀರನ್ನು ಆವಿಯಾಗಿಸಿ, ಜಾಲರಿ ದಾಟಿ, 4 ಇಂಚಿನ ಕೊಳವೆಯಲ್ಲಿ ಗೋಡೆಯಾಚೆ ಹೋಗುತ್ತದೆ. ಜಾಲರಿಗೆ ಸಿಗದ ಜುಂಗು ಕೊಳವೆಯ ತಿರುವುಗಳಲ್ಲಿ, ಹೊರಗಿನ ಮುಚ್ಚಳದ ಹಿಂದೆ ಒದ್ದೆ ಹತ್ತಿಯಂತೆ ಮೆತ್ತಿಕೊಳ್ಳುತ್ತದೆ. ಗಾಳಿ ಕುಗ್ಗಿದಂತೆ ಶಾಖ ಹೀಟರಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟು ಇರುವುದು ಡ್ರಮ್ಮು ದಾಟಿ ಬಂದ ಗಾಳಿಯ ದಾರಿಯಲ್ಲಿ. ಒದ್ದೆ ಬಟ್ಟೆಯ ನಡುವೆ ಹಾದು ತಣಿದ ಗಾಳಿ ಅದಕ್ಕೆ ತಗಲುವುದರಿಂದ ಅದು ಸುಮ್ಮನಿರುತ್ತದೆ. ಪೆಟ್ಟಿಗೆಗೇ ಅಂಟಿಕೊಂಡ ಇನ್ನೊಂದು ಥರ್ಮೋಸ್ಟಾಟು ಮತ್ತೆ ಮತ್ತೆ ಹೀಟರನ್ನು ಕಡಿದು ಕೂಡಿಸುತ್ತದೆ. ಅದಕ್ಕೂ ಮಿಕ್ಕಿದರೆ ಥರ್ಮಲ್ ಫ್ಯೂಸು ಹೋಗುತ್ತದೆ, ಮತ್ತು ಒಮ್ಮೆ ಹೋದದ್ದು ತಣಿದ ಮೇಲೂ ಕೂಡುವುದಿಲ್ಲ. ಕೆಲವು ಮಾದರಿಗಳಲ್ಲಿ ಈ ಫ್ಯೂಸು ಮೋಟರನ್ನೂ ನಿಲ್ಲಿಸುತ್ತದೆ, ಕೆಲವುಗಳಲ್ಲಿ ಹೀಟರನ್ನು ಮಾತ್ರ. ಪ್ಲಗ್ ಕಿತ್ತು, ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಒಳ್ಳೆಯ ಫ್ಯೂಸು ಸೊನ್ನೆಯ ಹತ್ತಿರ ತೋರಿಸುತ್ತದೆ, ಒಳ್ಳೆಯ ಕಾಯಿಲ್ ಸುಮಾರು 10 ಓಮ್.

ಫ್ಯೂಸು ಅಗ್ಗದ ವಸ್ತು, ಹಳತಾಗಿಯೂ ಹೋಗುತ್ತದೆ, ಬದಲಾಯಿಸಿ ಮುಗಿಸಿದರಾಯಿತಲ್ಲ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೊಸದನ್ನು ಹಾಕಿ ಯಂತ್ರ ಓಡಿಸಿ, ಗೋಡೆಯಾಚೆಯ ಮುಚ್ಚಳಕ್ಕೆ ಕೈಯೊಡ್ಡಿ ನೋಡಲಿ. ಮುಚ್ಚಳ ಪೂರ್ತಿ ಏಳದೆ ಗಾಳಿ ಸುಳಿಸುಳಿಯಾಗಿ ಬಂದರೆ ಈ ಫ್ಯೂಸಿಗೂ ಅದೇ ಗತಿ. ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ತಂತಿ ಕಟ್ಟುವ ಜಾಣತನವಂತೂ ಬೇಡವೇ ಬೇಡ: ಜುಂಗಿಗೆ ಬೆಂಕಿ ಬೇಗ ಹತ್ತುತ್ತದೆ, ಮತ್ತು ಡ್ರೈಯರಿನ ಬೆಂಕಿ ಅನಾಹುತಗಳಿಗೆ ಯಂತ್ರವನ್ನು ಸ್ವಚ್ಛ ಮಾಡದಿರುವುದೇ ಮುಖ್ಯ ಕಾರಣವೆಂದು ಅಮೆರಿಕದ ಅಗ್ನಿಶಾಮಕ ಆಡಳಿತ ಹೇಳುತ್ತದೆ. ಜಾಲರಿ ಕಣ್ಣಿಗೆ ಚೊಕ್ಕಟವಾಗಿ ಕಂಡರೂ ನಂಬಬಾರದು. ಬಟ್ಟೆ ಮೆತ್ತಗಾಗಲೆಂದು ಡ್ರಮ್ಮಿಗೆ ಹಾಕುವ ಹಾಳೆಗಳ ಮೇಣದಂಥ ಪೊರೆ ಅದರ ಕಣ್ಣುಗಳನ್ನು ಮುಚ್ಚಿರಬಹುದು. ನಲ್ಲಿಯ ಕೆಳಗೆ ಹಿಡಿದಾಗ ನೀರು ಇಳಿಯದೆ ಮೇಲೆಯೇ ನಿಂತರೆ ಸೋಪು ಹಾಕಿ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ ಮತ್ತೆ ಹಾಕಬೇಕು.