ಪ್ರೋಟೀನಿನ ಪ್ರತ್ಯಯಗಳು

ಪದದ ಅರ್ಥವು ಪ್ರಕೃತಿಯಲ್ಲಿದ್ದರೂ ವಾಕ್ಯದಲ್ಲಿ ಅದರ ಸಂಬಂಧವನ್ನು ನಿರ್ಧರಿಸುವುದು ಪ್ರತ್ಯಯವೆಂಬುದು ವ್ಯಾಕರಣದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ‘ಮನೆಗೆ’, ‘ಮನೆಯಿಂದ’ ಎಂಬಲ್ಲಿ ಬದಲಾದುದು ಕೊನೆಯ ಒಂದೆರಡು ಅಕ್ಷರ. ತಿರುಗಿದುದು ನಡೆಯುವವನ ದಿಕ್ಕು. ಜೀವಕೋಶದ ಪ್ರೋಟೀನುಗಳಲ್ಲಿಯೂ ಇದನ್ನು ಹೋಲುವ ವ್ಯವಸ್ಥೆಯೊಂದಿದೆ. ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯೇ ಪ್ರೋಟೀನು. ಅದರಲ್ಲಿ ತಾವಾಗಿಯೇ ಮಡಚಿಕೊಂಡು ನಿಲ್ಲುವ ಭಾಗಗಳಿಗೆ ವಲಯಗಳೆಂದು ಹೆಸರು. ಆ ಪ್ರೋಟೀನು ಯಾರೊಡನೆ ಕೂಡಬೇಕೆಂಬುದನ್ನು ಅನೇಕ ವೇಳೆ ತುದಿಯ ವಲಯಗಳೇ ತೀರ್ಮಾನಿಸುತ್ತವೆ.

ನವಿ ಮುಂಬಯಿಯ ಖಾರ್‌ಘರ್‌ನಲ್ಲಿರುವ, ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಎಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನ ಸಂಸ್ಥೆಯಲ್ಲಿ ಇಂಥ ವಲಯಗಳ ಅಧ್ಯಯನ ನಡೆದಿದೆ. ಅಲ್ಲಿ ಪರಿಶೀಲಿಸಲಾದ ಪ್ರೋಟೀನುಗಳಲ್ಲಿ ಬಿಆರ್‌ಸಿಎ-1 ಒಂದು. ಮುರಿದ ಡಿಎನ್‌ಎ ಎಳೆಗಳ ದುರಸ್ತಿಗೆ ನೆರವಾಗುವುದು ಇದರ ಮುಖ್ಯ ಕೆಲಸ. ಇದು ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚುತ್ತದೆ. ಇದರ ಜೀನು 17ನೆಯ ವರ್ಣತಂತುವಿನಲ್ಲಿದೆಯೆಂದು ಮೇರಿ-ಕ್ಲೇರ್ ಕಿಂಗ್ ಅವರ ತಂಡ 1990ರಲ್ಲಿ ತೋರಿಸಿತು. ಜೀನು ಕೈಗೆ ಸಿಕ್ಕಿದುದು 1994ರಲ್ಲಿ.

ಈ ಪ್ರೋಟೀನಿನಲ್ಲಿರುವ ಅಮೈನೋ ಆಮ್ಲಗಳು 1863. ಮೊದಲ ತುದಿಯ ‘ರಿಂಗ್’ ವಲಯ ಬಾರ್ಡ್-1 ಎಂಬ ಜೊತೆಗಾರನನ್ನು ಹಿಡಿಯುತ್ತದೆ. 61ನೆಯ ಸ್ಥಾನದ ಸಿಸ್ಟೀನ್ ಅಲ್ಲಿ ಸತುವನ್ನು ಹಿಡಿದಿಟ್ಟಿರುತ್ತದೆ. ಅದರ ಜಾಗಕ್ಕೆ ಗ್ಲೈಸೀನ್ ಬಂದರೆ ಆ ಹಿಡಿತ ಕೆಡುತ್ತದೆ. ಕೊನೆಯ ತುದಿಯ ‘ಬಿಆರ್‌ಸಿಟಿ’ ವಲಯದ ರೀತಿ ಇನ್ನೂ ಸ್ವಾರಸ್ಯಕರ. ಎದುರಿನ ಪ್ರೋಟೀನಿನ ಸೆರೀನ್ ಮೇಲೆ ಫಾಸ್ಫೇಟ್ ಕೂತಿರಬೇಕು, ಅಲ್ಲಿಂದ ಮೂರನೆಯ ಸ್ಥಾನದಲ್ಲಿ ಫಿನೈಲ್‌ಅಲನೀನ್ ಇರಬೇಕು. ಆಗ ಮಾತ್ರ ಅದು ಗಟ್ಟಿಯಾಗಿ ಕೂಡುತ್ತದೆ. ನಿಯತ ವರ್ಣಗಳು ಎದುರಾದಾಗಲಷ್ಟೇ ಸಂಧಿಯಾಗುವಂತೆ ಎನ್ನಬಹುದು. 1775ನೆಯ ಮೆಥಿಯೋನೀನ್ ಹೋಗಿ ಆರ್ಜಿನೀನ್ ಬಂದರೆ ಫಿನೈಲ್‌ಅಲನೀನ್ ಕೂರುವ ಗುಳಿಯೇ ಮುಚ್ಚಿಹೋಗುತ್ತದೆ.

ಇನ್ನೊಂದು ವಿಕೃತಿಯಲ್ಲಿ 1853ನೆಯ ಸ್ಥಾನದಲ್ಲಿಯೇ ಸರಪಳಿ ನಿಂತುಬಿಡುತ್ತದೆ. ನಷ್ಟವಾದುದು ಕೊನೆಯ 11 ಮಾತ್ರ; ಆದರೂ ಕೆಲಸ ಕೆಡುತ್ತದೆ. ಪ್ರತ್ಯಯದ ಹೋಲಿಕೆ ಸೋಲುವುದು ಇಲ್ಲಿಯೇ. ಪದ ಸಾಲಿನಲ್ಲಿರುತ್ತದೆ, ಪ್ರೋಟೀನಾದರೋ ಮಡಿಕೆಗಳಲ್ಲಿರುತ್ತದೆ. ಪ್ರತ್ಯಯ ಕಳಚಿದರೂ ಪ್ರಕೃತಿ ಉಳಿಯುತ್ತದೆ. ಇಲ್ಲಿ ಆ ತುಣುಕು ಹೋದರೆ ಇಡೀ ವಲಯದ ಮಡಿಕೆಯೇ ಸಡಿಲಗೊಳ್ಳುತ್ತದೆ.

ಡೊಂಬಿವಲಿಯದೋ ಕಲ್ಯಾಣದದೋ ಒಂದು ಮನೆಯಲ್ಲಿ ತಾಯಿಗೆ ಈ ರೋಗ ಬಂದು ಮಗಳು ಜೀನು ಪರೀಕ್ಷೆ ಮಾಡಿಸಿಕೊಂಡಳೆನ್ನೋಣ. ಒಂದು ಅಕ್ಷರ ಬದಲಾಗಿದೆ, ಪರಿಣಾಮ ಅನಿಶ್ಚಿತ ಎಂದು ವರದಿ ಬರುವುದುಂಟು. ಅಂಥ ವರದಿಯ ಆಧಾರದ ಮೇಲೆ ಶಸ್ತ್ರಚಿಕಿತ್ಸೆಗೆ ಒಪ್ಪುವುದೂ ಕಷ್ಟ, ಸುಮ್ಮನಿರುವುದೂ ಕಷ್ಟ. ಬದಲಾದ ವಲಯವನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಅದು ಸರಿಯಾಗಿ ಮಡಚಿಕೊಳ್ಳುವುದೇ, ಜೊತೆಗಾರನನ್ನು ಹಿಡಿಯುವುದೇ ಎಂದು ಪ್ರಯೋಗಶಾಲೆಯಲ್ಲಿ ಅಳೆದು ನೋಡುವುದು ಆ ಅನಿಶ್ಚಿತತೆಯನ್ನು ಕಡಮೆ ಮಾಡುವುದಕ್ಕಾಗಿ.